ಮುನೇಶ್ವರನ ಮರದಲ್ಲಿ ಪೊಲೀಸ್ ಗಂಟೆ

ಬೈಲಪ್ಪನನ್ನು ಸೂಲಿಬೆಲೆಯಲ್ಲಿ ಎಲ್ಲರೂ ಪೊಲೀಸ್ ಬೈಲಪ್ಪ ಅಂತಲೇ ಕರೆಯುತ್ತಿದ್ದರು. ಅವನು ಪೊಲೀಸನಲ್ಲ. ಯಾರನ್ನೂ ಹಿಡಿದವನಲ್ಲ, ಯಾರಿಗೂ ಹೊಡೆದವನಲ್ಲ. ಬೆಂಗಳೂರಿನ ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ, ಬಿಳಿಯರ ಪೊಲೀಸ್ ವ್ಯಾನು ಓಡಿಸುತ್ತಿದ್ದ, ಅಷ್ಟೆ. ಹಿಂದೆ ಕೂತವರು ಯಾರು, ಯಾಕೆ ಹಿಡಿದು ತಂದರು ಎಂದು ಕೇಳುವ ಚಾಳಿ ಅವನಿಗಿರಲಿಲ್ಲ. ವಾರಕ್ಕೊಮ್ಮೆ ಊರಿಗೆ ಬಂದಾಗ ಹೆಂಡತಿ ಮುನಿರತ್ನಮ್ಮ ಕೇಳಿದರೆ, "ನಂಗೆ ಮುಂದಿನ ರಸ್ತೆ ಮಾತ್ರ ಕಾಣೋದು ಕಣೇ," ಎನ್ನುತ್ತಿದ್ದ.

ಆ ವ್ಯಾನನ್ನು ಮುನಿರತ್ನಮ್ಮ ಹತ್ತಿರದಿಂದ ನೋಡಿದ್ದು ಒಂದೇ ಸಲ. ಹೊಸಕೋಟೆಗೆ ಯಾವುದೋ ಕೆಲಸಕ್ಕೆ ಬಂದವನು ನೀರು ಕುಡಿಯುವ ನೆಪದಲ್ಲಿ ಮನೆ ಮುಂದೆ ನಿಲ್ಲಿಸಿದ್ದ. ಕಪ್ಪೋ ನೀಲಿಯೋ ಹೇಳಲಾಗದ ಬಣ್ಣ. ಪಕ್ಕದಲ್ಲಿ ದಪ್ಪ ಬಿಳಿ ಇಂಗ್ಲಿಷ್ ಅಕ್ಷರ, ಬಾಗಿಲ ಮೇಲೆ ರಾಜನ ಕಿರೀಟ, ಹಿಂದೆ ಕಬ್ಬಿಣದ ಜಾಲರಿ. ಒಳಗೆ ಹಗ್ಗ, ಕೋಳ, ಮಡಚಿಟ್ಟ ಸ್ಟ್ರೆಚರು, ಬೆಂಕಿ ಆರಿಸಲು ಮರಳಿನ ಬಕೆಟ್ಟು. ಮುಂದೆ ಬಂಪರಿನ ಮೇಲೆ ಒಂದು ಹಿತ್ತಾಳೆ ಗಂಟೆ. ಡ್ರೈವರು ಕೂತಲ್ಲಿಂದಲೇ ಹಗ್ಗ ಎಳೆದರೆ ಬಡಿಯುತ್ತಿತ್ತು. ದಾರಿ ಬಿಡಿಸುವುದಕ್ಕೆ ಅದು.

"ಒಂದ್ಸಲ ಎಳೀಲಾ?" ಎಂದು ಮುನಿರತ್ನಮ್ಮ ಕೇಳಿದಳು.

"ಬ್ಯಾಡ. ಊರೋರೆಲ್ಲ ಹೊಲಕ್ಕೆ ಓಡೋಗ್ತಾರೆ."

ಯುದ್ಧ ಬಂತು. ಶತ್ರುವಿನ ವಿಮಾನಕ್ಕೆ ಬೆಳಕು ಕಾಣಬಾರದೆಂದು ವ್ಯಾನಿನ ದೀಪಗಳಿಗೆ ತಗಡಿನ ಮುಚ್ಚಳ ಹಾಕಿದರು. ಮುಚ್ಚಳದಲ್ಲಿ ಸೀಳಿದ ಗೆರೆಯಿಂದ ಬೊಗಸೆಯಷ್ಟು ಬೆಳಕು ನೆಲಕ್ಕೆ ಬೀಳುತ್ತಿತ್ತು. ಎದುರಿನವರಿಗಾದರೂ ಕಾಣಲಿ ಎಂದು ಮಡ್‌ಗಾರ್ಡಿನ ಅಂಚಿಗೆ ಸುಣ್ಣದಂಥ ಬಿಳಿ ಬಣ್ಣ ಬಳಿದರು. ಗಂಟೆ ಕೇಳಿದರೆ ಜನ ಬಾಂಬು ಬಿತ್ತೆಂದು ಗಾಬರಿ ಬೀಳುತ್ತಾರೆ ಎಂದು ಗಂಟೆಗಳನ್ನು ಬಿಚ್ಚಿಸಿದರು. ವ್ಯಾನು ನಿಲ್ಲಿಸುವ ಶೆಡ್ಡಿನಲ್ಲಿ ಇಟ್ಟ ಹಿತ್ತಾಳೆ ಆ ಕಾಲದಲ್ಲಿ ಕಳ್ಳರ ಕೈಯಿಂದ ಉಳಿಯುತ್ತಿರಲಿಲ್ಲ. ಅದಕ್ಕೆ ಶೆಡ್ಡಿನ ಮೇಲಿನ ಬಿಳಿಯ ಸಾರ್ಜೆಂಟ್ ದೊರೆ, ಅವರವರ ಗಂಟೆಗೆ ಅವರವರೇ ಜವಾಬ್ದಾರಿ ಎಂದುಬಿಟ್ಟ. ಬೈಲಪ್ಪ ತನ್ನದನ್ನು ಗೋಣಿಯಲ್ಲಿ ಸುತ್ತಿ ಊರಿಗೆ ತಂದು ಅಟ್ಟದ ಮೇಲೆ ಇಟ್ಟ.

ಮಾರನೆಯ ವರ್ಷ ಮಳೆಗಾಲದಲ್ಲಿ, ಕತ್ತಲಾಗುವ ಹೊತ್ತಿಗೆ, ಹೊಸಕೋಟೆ ಕೆರೆ ಏರಿಯ ಹತ್ತಿರ ವ್ಯಾನು ಹಳ್ಳಕ್ಕೆ ಇಳಿಯಿತು. ಆ ಬೊಗಸೆ ಬೆಳಕಿನಲ್ಲಿ ತಿರುವು ಕಂಡಿರಲಿಲ್ಲ. ಹಿಂದೆ ಯಾರೂ ಇರಲಿಲ್ಲ. ಬೈಲಪ್ಪನ ಬಲಗಾಲು ಪೆಡಲಿನ ಕೆಳಗೆ ಸಿಕ್ಕಿ ಮುರಿಯಿತು. ಆಸ್ಪತ್ರೆಯಲ್ಲಿ ಕಾಲು ಕೊಳೆಯತೊಡಗಿತು. ತೆಗೆಯಬೇಕಾಗಬಹುದು ಎಂದರು ಡಾಕ್ಟರು.

ಅವನ ತಾಯಿ ಸೊಣ್ಣಮ್ಮ ಆಸ್ಪತ್ರೆಯ ಕಟ್ಟೆಯ ಮೇಲೆ ಕೂತು ಊರಾಚೆಯ ಮುನೇಶ್ವರನಿಗೆ ಕೈಮುಗಿದಳು. ಮಗನ ಕಾಲು ಉಳಿಸು, ನಿನ್ನ ಮರಕ್ಕೆ ಗಂಟೆ ಕಟ್ಟಿಸ್ತೀನಿ ಎಂದಳು. ಕಾಲು ಉಳಿಯಿತು. ಸ್ವಲ್ಪ ಎಳೆದು ನಡೆಯುತ್ತಿದ್ದ, ಆದರೆ ಬ್ರೇಕು ಒತ್ತುವುದಕ್ಕೆ ತೊಂದರೆ ಇರಲಿಲ್ಲ.

ಹರಕೆ ಮಾತ್ರ ಹಾಗೇ ಉಳಿಯಿತು. ಗಂಟೆ ಎಲ್ಲೂ ಇಲ್ಲ. ಹಿತ್ತಾಳೆಯೆಲ್ಲ ಯುದ್ಧಕ್ಕೆ ಹೋಗಿತ್ತು. ಸೊಣ್ಣಮ್ಮ ಹತ್ತಿರದ ವಿಜಯಪುರದ ಸಂತೆಗೂ ಹೋಗಿ ಬಂದಳು. ಅಂಗಡಿಯವನು ಮಣ್ಣಿನ ಗಂಟೆ ತೋರಿಸಿ, "ಇದನ್ನೇ ಕಟ್ಟಮ್ಮ, ದೇವರಿಗೂ ಯುದ್ಧ ಗೊತ್ತು," ಎಂದನಂತೆ. ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ. ದೇವರಿಗೆ ಮಾತು ಕೊಟ್ಟು ಕೂತಿದ್ದಳು.

ಒಂದು ದಿನ ಮುನಿರತ್ನಮ್ಮ ಕಳೆ ಕೀಳಲು ಹೋಗಿ ಮಧ್ಯಾಹ್ನ ಬಂದರೆ ಅಟ್ಟದ ಮೇಲೆ ಬರೀ ಗೋಣಿ.

"ಅತ್ತೆ, ಗಂಟೆ ಎಲ್ಲಿ?"

"ಸೇರಬೇಕಾದ ಜಾಗ ಸೇರ್ತು," ಎಂದಳು ಸೊಣ್ಣಮ್ಮ. ಮುಖ ತೊಳೆದು ಕುಂಕುಮ ಇಟ್ಟುಕೊಂಡಿದ್ದಳು.

ಬೈಲಪ್ಪ ಬಂದಾಗ ವಿಷಯ ಹೇಳಿದರು. ಅವನು ಕಾಲು ಉಜ್ಜಿಕೊಂಡ. "ಯುದ್ಧ ಮುಗಿಯೋ ಹಂಗೇನೂ ಕಾಣಲ್ಲ. ಇರ್ಲಿ ಬಿಡಿ," ಎಂದ.

ಮುಗಿಯಿತು.

ಮುಗಿದ ಮೇಲೆ ದೀಪದ ಮುಚ್ಚಳ ತೆಗೆದರು. ಬಿಳಿ ಬಣ್ಣ ಕೆರೆದರು. ಸಾರ್ಜೆಂಟ್ ದೊರೆ ವ್ಯಾನುಗಳನ್ನು ಸಾಲಾಗಿ ನಿಲ್ಲಿಸಿ ನೋಡಿದ. ಬೈಲಪ್ಪನ ವ್ಯಾನಿನ ಮುಂದೆ ಎರಡು ಬೋಲ್ಟಿನ ತೂತು ಮಾತ್ರ ಇತ್ತು. ಸೋಮವಾರದೊಳಗೆ ಗಂಟೆ ಬರಬೇಕು, ಇಲ್ಲದಿದ್ದರೆ ಸರ್ಕಾರಿ ಮಾಲು ಕದ್ದವನೆಂದು ಕೆಲಸದಿಂದ ತೆಗೆಯುತ್ತೇನೆ ಎಂದ.

ಅದೇ ಶೆಡ್ಡಿನ ಇನ್ನೊಬ್ಬ ಡ್ರೈವರು ವಿಜಯಪುರದ ಅಬ್ದುಲ್ ರಜಾಕ್. ಬಸ್ಸಿನಲ್ಲಿ ಬೈಲಪ್ಪನ ಜೊತೆಗೇ ಊರಿಗೆ ಬಂದ. "ಜಟಕಾ ಕುದುರೆ ಗಂಟೆ ಕಟ್ಟೋಣ ಗುರು," ಎಂದ. "ದೊರೆ ನೋಡಿ ಹುಲ್ಲು ಹಾಕ್ತಾನೆ."

ಬೈಲಪ್ಪ ನಗಲಿಲ್ಲ. ಅವನಿಗೆ ಹೊಲವಿರಲಿಲ್ಲ. ಕೆಲಸ ಹೋದರೆ ಮತ್ತೆ ಇನ್ನೊಬ್ಬರ ಗಾಡಿ ಹೊಡೆಯಬೇಕು. ಕಳ್ಳ ಅಂತ ಹೆಸರು ಬಂದರೆ ಗಾಡಿಯನ್ನೂ ಯಾರು ಕೊಡುತ್ತಾರೆ?

"ಕೊಟ್ಟಿದ್ದನ್ನ ಕಿತ್ಕೊಂಡು ಬರ್ತೀಯೇನೋ?" ಎಂದಳು ಸೊಣ್ಣಮ್ಮ. "ಕಾಲು ಉಳಿಸಿದ್ದು ನಿನ್ನ ದೊರೇನಾ?"

"ಕಾಲು ಮಡಿಕ್ಕಂಡು ಏನವ್ವಾ ಮಾಡ್ಲಿ, ಕೆಲಸ ಇಲ್ದೆ?"

ಮುನಿರತ್ನಮ್ಮ ಮುದ್ದೆ ಬಡಿಸಿದಳು. ಮೂವರೂ ಅರ್ಧಕ್ಕೇ ಎದ್ದರು.

ಭಾನುವಾರ ಬೆಳಿಗ್ಗೆ ಮುನೇಶ್ವರನ ಹತ್ತಿರ ಹೋದರು. ಹೂವಿಟ್ಟು ಸ್ವಾಮಿಯ ಅಪ್ಪಣೆ ಕೇಳುವುದು ಎಂದಾಗಿತ್ತು. ಗುಡಿಯೇನಿಲ್ಲ. ಆಲದ ಮರ, ಬುಡದಲ್ಲಿ ಒಂದು ಕಲ್ಲು. ಕೊಂಬೆಯಲ್ಲಿ ದಂಡಿನ ಪೊಲೀಸರ ಗಂಟೆ ತೂಗುತ್ತಿತ್ತು. ಅದಕ್ಕೆ ಎಣ್ಣೆ ಕುಂಕುಮ ಮೆತ್ತಿತ್ತು, ಒಳಗೆ ಜೇಡ ಬಲೆ ಕಟ್ಟಿತ್ತು.

ಪೂಜಾರಿ ಚಿಕ್ಕಬೀರಪ್ಪ ಕಲ್ಲಿಗೆ ನೀರು ಹಾಕಿದ. ಒದ್ದೆ ಕಲ್ಲಿನ ನೆತ್ತಿಯ ಮೇಲೆ ಕಣಗಿಲೆ ಹೂವು ಅಂಟಿಸಿದ. "ಬಲಕ್ಕೆ ಕೊಟ್ರೆ ಗಂಟೆ ತಗೊಂಡೋಗು ಅಂತ. ಎಡಕ್ಕೆ ಕೊಟ್ರೆ ಮುಟ್ಟಬ್ಯಾಡ ಅಂತ. ಆಮೇಲೆ ತಕರಾರಿಲ್ಲ," ಎಂದ.

ಸೊಣ್ಣಮ್ಮ ಕಲ್ಲಿನ ಎದುರಿಗೇ ಕೂತಳು. ಬೈಲಪ್ಪ ಸ್ಪ್ಯಾನರು ಹಿಡಿದು ಹಿಂದೆ ನಿಂತಿದ್ದ. ಮುನಿರತ್ನಮ್ಮ ಅವನ ಪಕ್ಕದಲ್ಲಿ. ಬಿಸಿಲು ಏರಿತು. ಕಲ್ಲಿನ ನೀರು ಆರುತ್ತಾ ಬಂತು. ಹೂವು ಅಲ್ಲಾಡಲಿಲ್ಲ. ಬೈಲಪ್ಪ ಬಲಗಾಲಿನ ಭಾರವನ್ನು ಎಡಗಾಲಿಗೆ ಹಾಕಿ ನಿಂತ. ಕೂತುಕೋ ಎಂದು ಮುನಿರತ್ನಮ್ಮ ತೋಳು ಮುಟ್ಟಿದಳು. ಅವನು ಕೂರಲಿಲ್ಲ.

ಹೂವು ಜಾರಿತು. ಮುನೇಶ್ವರನ ಎಡಕ್ಕೆ ಬಿತ್ತು.

ಎಲ್ಲರೂ ಕಂಡರು. ಬೈಲಪ್ಪ ಸ್ಪ್ಯಾನರನ್ನು ಜೇಬಿಗೆ ಇಳಿಸಿದ. "ಆಯ್ತು. ನಡೀ," ಎಂದ ಹೆಂಡತಿಗೆ. ಅವನ ಮುಖ ನೋಡಲಾಗಲಿಲ್ಲ ಅವಳಿಗೆ.

"ನಿಂತ್ಕೊಳ್ಳೋ," ಎಂದಳು ಸೊಣ್ಣಮ್ಮ. ಕೂತಲ್ಲಿಂದ ಎದ್ದಿರಲಿಲ್ಲ. "ಬೀರಪ್ಪಾ, ಹರಕೆ ಹೊತ್ತೋಳು ಯಾರು?"

"ನೀನೇ ಕಣಮ್ಮ."

"ಸ್ವಾಮಿ ಉತ್ತರ ಹೇಳಿದ್ದು ಯಾರಿಗೆ?"

"ನಿಂಗೇ ಅನ್ನು."

"ನಾನು ಸ್ವಾಮಿ ಎದುರಿಗೆ ಮುಖ ಮಾಡಿ ಕೂತಿದೀನಿ. ನನ್ನ ಬಲಗೈ ಯಾವ್ಕಡೆ ಅದೆ ನೋಡು. ಹೂವು ಯಾವ್ಕಡೆ ಬಿತ್ತು ನೋಡು."

ಚಿಕ್ಕಬೀರಪ್ಪ ಹೂವನ್ನು ನೋಡಿದ, ಅವಳ ಕೈ ನೋಡಿದ. "ಏನ್ ಸೊಣ್ಣಮ್ಮ, ವಕೀಲಿ ಯಾವಾಗ ಓದ್ದೆ? ಲೆಕ್ಕ ಹಿಡಿಯೋದು ಸ್ವಾಮಿಯ ಬಲ."

"ನಿನ್ನ ಲೆಕ್ಕ ನೀನು ಮಡಿಕ್ಕೊ. ನನ್ನ ಬಲಕ್ಕೆ ಕೊಟ್ಟ. ತಪ್ಪಿದ್ರೆ ನಂಗೆ ಬರ್ಲಿ, ನನ್ನ ಮಗನಿಗೆ ಬ್ಯಾಡ. ಬಿಚ್ಚೋ ಬೈಲಾ."

ಬೈಲಪ್ಪ ಪೂಜಾರಿಯ ಕಡೆ ನೋಡಿದ. ಚಿಕ್ಕಬೀರಪ್ಪ ಹೆಗಲ ಮೇಲಿನ ಟವೆಲ್ಲು ಕೊಡವಿ ಮರದ ಆ ಕಡೆ ಹೋಗಿ ಬೀಡಿ ಹಚ್ಚಿದ. ಮುನಿರತ್ನಮ್ಮ ಗಂಟೆಯ ಬುಡ ಹಿಡಿದಳು. ಬೈಲಪ್ಪ ಬಿಚ್ಚಿದ. ಸದ್ದಾಗದಂತೆ ಅವಳು ಗಂಟೆಯ ನಾಲಗೆಯನ್ನು ಸೆರಗಿನಲ್ಲಿ ಸುತ್ತಿ ಹಿಡಿದುಕೊಂಡಳು. ಮನೆಗೆ ತಂದು ಹುಣಸೆಹಣ್ಣು ಹಾಕಿ ಉಜ್ಜಿದಳು. ಒಳಗಿನ ಕುಂಕುಮ ಪೂರ್ತಿ ಹೋಗಲಿಲ್ಲ.

ಸೋಮವಾರ ಗಂಟೆ ವ್ಯಾನಿನ ಮೇಲಿತ್ತು. ಸಾರ್ಜೆಂಟ್ ದೊರೆ ಒಂದು ಸಲ ಬಡಿದು ನೋಡಿ ಮುಂದಿನ ವ್ಯಾನಿಗೆ ಹೋದನಂತೆ.

ಕೆಲಸ ಉಳಿಯಿತು. ಬಿಳಿಯರು ದಂಡನ್ನು ಮೈಸೂರು ಸಂಸ್ಥಾನಕ್ಕೆ ವಾಪಸ್ ಕೊಟ್ಟ ವರ್ಷ ಬಾಗಿಲ ಮೇಲಿನ ಕಿರೀಟ ಕಾಣದಂತೆ ಬಣ್ಣ ಬಳಿದರು. ಬೈಲಪ್ಪ ಅದೇ ಸೀಟಿನಲ್ಲಿ ಕೂತು ಅದೇ ವ್ಯಾನು ಓಡಿಸಿದ. ದೀಪಾವಳಿ ಕಳೆದ ಮೇಲೆ ಅವನಿಗೆ ಜ್ವರ ಬಂತು. ಕಣ್ಣು ಹಳದಿಯಾಯಿತು. ಕಾಮಾಲೆ ಎಂದರು. ನೆಲನೆಲ್ಲಿ ಅರೆದು ಕೊಟ್ಟರು, ಆಸ್ಪತ್ರೆಗೂ ಸೇರಿಸಿದರು. ಉಳಿಯಲಿಲ್ಲ. ಅಬ್ದುಲ್ ರಜಾಕ್ ಶೆಡ್ಡಿನಲ್ಲಿ ಹೇಳಿ ಕೇಳಿ ವ್ಯಾನಿನಲ್ಲೇ ಹೆಣ ತಂದುಕೊಟ್ಟ. ಮಡಚುವ ಸ್ಟ್ರೆಚರಿನ ಮೇಲೆ ಮಲಗಿಸಿದ್ದರು. ಕಾಲು ಹೊರಗೆ ಚಾಚಿತ್ತು.

ಅಳಲು ಬಂದ ಹೆಂಗಸರು ಮೂಲೆಯಲ್ಲಿ ಪಿಸುಗುಟ್ಟಿದರು. ದೇವರ ಗಂಟೆ ಬಿಚ್ಚಿದ ಕೈ ಎಂದರು. ಮುನಿರತ್ನಮ್ಮ ಎದ್ದು ಹೋಗಿ, "ಕಾಮಾಲೆ ಬಂದು ಸತ್ತ. ಗಂಟೆಯಿಂದ ಬಂದ ಸಂಬಳದಲ್ಲಿ ನಾವು ಉಂಡಿದೀವಿ. ನಿಮ್ಮನೇಲಿ ಯಾರೂ ಸತ್ತೇ ಇಲ್ವಾ?" ಎಂದಳು. ಆದರೆ ಆ ಹೆಂಗಸರ ಮಾತು ಆಗಲೇ ಸೊಣ್ಣಮ್ಮನ ಕಿವಿಗೆ ಬಿದ್ದಾಗಿತ್ತು.

ತಿಥಿ ಮುಗಿದರೂ ಮುದುಕಿ ಸರಿಯಾಗಿ ಉಣ್ಣಲಿಲ್ಲ. ತಟ್ಟೆ ಮುಂದಿಟ್ಟರೆ ಗೋಡೆ ನೋಡುತ್ತಾ ಕೂರುತ್ತಿದ್ದಳು. ಮುನಿರತ್ನಮ್ಮನಿಗೂ ಅವಳನ್ನು ಕಂಡರೆ ಒಂದೊಂದು ಸಲ ಸಿಟ್ಟು ಬರುತ್ತಿತ್ತು. ಅಟ್ಟದ ಮೇಲಿದ್ದುದನ್ನು ಯಾಕೆ ಮುಟ್ಟಬೇಕಿತ್ತು? ಆದರೆ ಬಿಚ್ಚು ಎಂದವಳೂ ಅವಳೇ. ತಪ್ಪು ನಂಗೆ ಬರ್ಲಿ ಎಂದವಳೂ ಅವಳೇ. ಅವಳಿಗೆ ಬರಲಿಲ್ಲ. ಯೋಚಿಸಿ ಯೋಚಿಸಿ ಸುಸ್ತಾಗಿ ಮುನಿರತ್ನಮ್ಮ ಕೂಲಿಗೆ ಹೋಗುತ್ತಿದ್ದಳು, ಬಂದು ಒಲೆ ಹಚ್ಚುತ್ತಿದ್ದಳು.

ಒಂದು ಮಧ್ಯಾಹ್ನ ಮುದ್ದೆ ಕಟ್ಟಿ ತಟ್ಟೆಗೆ ಹಾಕುತ್ತಿದ್ದಾಗ ಸೊಣ್ಣಮ್ಮ ಬಾಯಿ ತೆರೆದಳು.

"ಮುನಿರತ್ನ. ಹೂವು ಯಾವ್ಕಡೆ ಬಿತ್ತೇ?"

ಮುನಿರತ್ನಮ್ಮ ಕೈ ನಿಲ್ಲಿಸಲಿಲ್ಲ. "ನಿಮ್ಮ ಬಲಕ್ಕೆ ಬಿತ್ತು ಅತ್ತೆ."

"ನೀನು ನೋಡ್ದ್ಯಾ?"

"ನೋಡ್ದೆ. ಉಣ್ಣಿ, ಆರೋಗ್ತದೆ."

ಸೊಣ್ಣಮ್ಮ ಸೊಸೆಯ ಮುಖ ನೋಡಿದಳು. ಆಮೇಲೆ ತಟ್ಟೆ ಹತ್ತಿರಕ್ಕೆ ಎಳೆದುಕೊಂಡಳು.