ಒಳಗೆ ಹೋಗದ ಸಕ್ಕರೆ

ನಾನು ಧಾರವಾಡದ ಕಾಲೇಜೊಂದರಲ್ಲಿ ಸೂಕ್ಷ್ಮಜೀವಶಾಸ್ತ್ರ ಕಲಿಸುತ್ತೇನೆ. ಬ್ಯಾಕ್ಟೀರಿಯಾ ಹೇಗೆ ಉಣ್ಣುತ್ತದೆ ಎಂಬುದು ನನ್ನ ಇಷ್ಟದ ಪಾಠ. ಅದಕ್ಕೆ ಬಾಯಿಲ್ಲ. ಮೈಯ ಪೊರೆಯಲ್ಲಿ ಪ್ರೋಟೀನಿನ ಬಾಗಿಲುಗಳಿವೆ. ಹಾಲಿನ ಸಕ್ಕರೆ ಆ ಬಾಗಿಲಿನಿಂದ ಒಳಗೆ ಬಂದ ಮೇಲೆಯೇ ಕಿಣ್ವ ಅದನ್ನು ಎರಡು ತುಂಡು ಮಾಡುವುದು. ಬಾಗಿಲು ಕೆಟ್ಟ ತಳಿ ಸಕ್ಕರೆಯ ನೀರಿನಲ್ಲಿ ಮುಳುಗಿದ್ದರೂ ಉಪವಾಸವೇ. ಇದನ್ನು ಹದಿನಾರು ವರ್ಷ ನಗುನಗುತ್ತಾ ಹೇಳಿದ್ದೆ.

ಮಗಳು ಹುಟ್ಟಿದ್ದು ನನ್ನ ಮೂವತ್ತೊಂಬತ್ತನೆಯ ವಯಸ್ಸಿಗೆ. ಬಾಣಂತನ ಪಕ್ಕದ ಊರಿನಲ್ಲಿ, ದೇಶಪಾಂಡೆ ನಗರದ ಅತ್ತೆಯ ಮನೆಯಲ್ಲಿ. ನಾಲ್ಕನೆಯ ದಿನದಿಂದ ಕೂಸಿನ ಬಟ್ಟೆ ಸದಾ ಒದ್ದೆ.

"ಹಾಲು ಛಲೋ ಬರಾಕತ್ತೈತಿ, ಅದಕ್ಕ ಇಷ್ಟು ಉಚ್ಚಿ ಹೊಯ್ಯಾಕತ್ತೈತಿ," ಎಂದು ಅತ್ತೆ ಹಿಗ್ಗಿದರು. ನಾನೂ ನಂಬಿದೆ. ಅದು ಮೂತ್ರವಲ್ಲ, ನೀರಿನಂಥ ಭೇದಿ ಎಂದು ತಿಳಿಯುವಷ್ಟರಲ್ಲಿ ನೆತ್ತಿ ಕುಸಿದಿತ್ತು, ತೊಡೆಯ ಚರ್ಮ ಜೋತುಬಿದ್ದಿತ್ತು.

ಆಸ್ಪತ್ರೆಯಲ್ಲಿ ಬಾಯಿಗೆ ಏನೂ ಕೊಡದೆ ಸಲೈನ್ ಹಚ್ಚಿದರು. ಭೇದಿ ನಿಂತಿತು. ಮರುದಿನ ಹಾಲುಣಿಸಿದೆ, ತಾಸಿನೊಳಗೆ ಮತ್ತೆ ಶುರು. ಓಆರ್‌ಎಸ್ ಎಂಬ ಉಪ್ಪು-ಗ್ಲೂಕೋಸಿನ ನೀರು ಕೊಟ್ಟರೆ ಇನ್ನೂ ಜೋರು. ನಾನು ಕೊಟ್ಟಿದ್ದೆಲ್ಲ ಅವಳನ್ನು ಕೊಲ್ಲುತ್ತಿತ್ತು. ಚೀರುವ ಶಕ್ತಿಯೂ ಇಲ್ಲದೆ ಬರೀ ತುಟಿ ಆಡಿಸುತ್ತಿದ್ದಳು.

ಮಕ್ಕಳ ಡಾಕ್ಟರು ಮಲಕ್ಕೆ ಕಾಗದದ ಪಟ್ಟಿ ಅದ್ದಿ ನೋಡಿದರು. "ಆಸಿಡ್ ಐತ್ರಿ ಮೇಡಂ, ಸಕ್ಕರಿನೂ ಐತಿ. ಕರುಳಿನ್ಯಾಗ ಗ್ಲೂಕೋಸ್ ಒಳಗ ಒಯ್ಯೂ ಪ್ರೋಟೀನ್ ಕೆಲಸಾ ಮಾಡವಲ್ದು ಅನಸ್ತೈತಿ."

ಉಳಿದದ್ದು ಅವರು ಹೇಳಬೇಕಿರಲಿಲ್ಲ. ಹಾಲಿನ ಸಕ್ಕರೆ ಒಡೆದು ಬಂದ ಗ್ಲೂಕೋಸ್ ಅವಳ ಮೈಗೆ ಸೇರದೆ ದೊಡ್ಡ ಕರುಳಿಗೆ ಇಳಿಯುತ್ತಿತ್ತು. ಅಲ್ಲಿಯ ಬ್ಯಾಕ್ಟೀರಿಯಾಗಳ ಬಾಗಿಲು ಸರಿಯಾಗಿದ್ದವು. ಅವು ಅದನ್ನು ಒಳಗೆಳೆದು, ಒಡೆದು, ಆಮ್ಲ ಮಾಡಿ, ಗಾಳಿ ಮಾಡಿ ಬೆಳೆಯುತ್ತಿದ್ದವು. ನನ್ನ ಹಾಲು ಅವುಗಳ ಪಾಲಾಗಿತ್ತು. ಮಗಳು ಒಣಗುತ್ತಿದ್ದಳು.

"ಫ್ರಕ್ಟೋಸ್ ಅಂದ್ರ ಹಣ್ಣಿನ ಸಕ್ಕರಿ, ಅದು ಒಳಗ ಹೋಗೂ ದಾರಿ ಬ್ಯಾರೆ ಐತ್ರಿ. ಆದ್ರ ಅದನ್ನಷ್ಟ ಹಾಕಿ ಮಾಡಿದ, ಕೂಸಿಗೆ ಕುಡಿಸೂ ಪುಡಿ ಬೆಂಗಳೂರಿಂದ ಬರಬೇಕು. ನಾಕ್ ದಿನಾ ಆಗಬಹುದು."

ನಾಲ್ಕು ದಿನ! ಕೂಸನ್ನು ಅತ್ತೆಯ ಬಳಿ ಬಿಟ್ಟು, ಹೆರಿಗೆಯ ಹಸಿ ಹೊಲಿಗೆಯಲ್ಲೇ ಧಾರವಾಡದ ಬಸ್ಸು ಹತ್ತಿದೆ. ಕಾಲೇಜಿನ ಪ್ರಯೋಗಾಲಯದಿಂದ ಫ್ರಕ್ಟೋಸಿನ ಬಾಟಲಿ ತಂದು ಡಾಕ್ಟರ ಮೇಜಿನ ಮೇಲಿಟ್ಟೆ.

"ಇದು ಬ್ಯಾಕ್ಟೀರಿಯಾಕ್ಕ ಹಾಕೂದಲ್ರಿ? ಕೂಸಿಗೆ ಹ್ಯಾಂಗ ಕೊಡ್ಲಿ?"

"ಕೊಡ್ರಿ. ನಿಮ್ಮ ಕಾಲಿಗೆ ಬೀಳ್ತೇನಿ."

ಅವರು ಬಾಟಲಿಯನ್ನು ಡ್ರಾವರಿನಲ್ಲಿಟ್ಟು ಕೀಲಿ ಹಾಕಿದರು. ನಾನು ಕದ್ದು ಕುಡಿಸಿಯೇನು ಎಂಬ ಭಯ ಅವರಿಗೆ. ಆ ಭಯ ಸುಳ್ಳಾಗಿರಲಿಲ್ಲ.

ಪುಡಿ ಬಂದದ್ದು ಐದನೆಯ ದಿನ. ಅಷ್ಟರಲ್ಲಿ ಕೈಕಾಲಲ್ಲಿ ನರ ಸಿಗದೆ ತಲೆಗೆ ಸೂಜಿ ಚುಚ್ಚಿದ್ದರು. ಒಂದು ಚಮಚೆ, ತಡೆದು ಇನ್ನೊಂದು. ಅತ್ತೆ ಗಳಿಗೆಗೊಮ್ಮೆ ಬಟ್ಟೆ ಮುಟ್ಟಿ ನೋಡಿದರು. ಒಣಗಿತ್ತು. ಸಂಜೆ ಕೂಸು ವಾರ್ಡಿಗೆಲ್ಲ ಕೇಳುವಂತೆ ಅತ್ತಿತು.

ಈಗ ಅವಳಿಗೆ ಮೂರು ವರ್ಷ. ಹಾಲಿಲ್ಲ, ಹೊಟ್ಟೆಯಲ್ಲಿ ಗ್ಲೂಕೋಸೇ ಆಗುವ ಅನ್ನವಿಲ್ಲ, ರೊಟ್ಟಿಯಿಲ್ಲ. ಮನೆಗೆ ಮೊಟ್ಟೆ ತರಗೊಡದಿದ್ದ ಅತ್ತೆ ತಾವೇ ಕುದಿಸಿ ಸುಲಿದು ಕೊಡುತ್ತಾರೆ. ಹೋದ ತಿಂಗಳು ಮದುವೆಯೊಂದರಲ್ಲಿ ಗುರುತಿಲ್ಲದ ಅಜ್ಜಿಯೊಬ್ಬರು ಅಕ್ಕರೆಯಿಂದ ಪೇಢೆ ಮುರಿದು ಅವಳ ಬಾಯಿಗೆ ಹಿಡಿದರು. ನಾನು ಆ ಮುದಿ ಕೈಗೆ ಹೊಡೆದೇಬಿಟ್ಟೆ. ಮಂದಿ ತಿರುಗಿ ನೋಡಿದರು. ಅಜ್ಜಿಗೆ ತಪ್ಪಾಯಿತು ಎಂದು ಹೇಳುವುದೂ ಹೊಳೆಯಲಿಲ್ಲ. ಮಗಳ ಬಾಯೊಳಗೆ ಬೆರಳು ಹಾಕಿ ತಡಕಾಡುತ್ತಿದ್ದೆ.