ತೊಟ್ಟಿಯ ಗೋಡೆಯ ನೊರೆ

ನೀರು ಶುದ್ಧೀಕರಣ ಘಟಕದಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರ ಬಾಯಲ್ಲೂ ಉಜ್ಜಪ್ಪ. ಕೈಗೊಂದು ಬ್ರಷ್ ಸಿಕ್ಕರೆ ಈ ಮಹಾನುಭಾವ ಎದುರಿಗೆ ನಿಂತವರ ಬೆನ್ನನ್ನೂ ಉಜ್ಜಿಯಾನು ಅಂತ ಪಂಪು ನಡೆಸುವವನು ಇಟ್ಟ ಹೆಸರು. ಇಪ್ಪತ್ತೆರಡು ವರ್ಷ, ಬೆಳಿಗ್ಗೆ ಆರಕ್ಕೆ ಏಣಿ ಇಳಿಸಿ ತೊಟ್ಟಿಯ ಒಳಗೋಡೆಗೆ ಬ್ಲೀಚಿಂಗ್ ನೀರು ಹಾಕಿ ತಿಕ್ಕುವುದು, ಏನೇನು ತೆಗೆದೆ ಅಂತ ಡ್ಯೂಟಿ ಪುಸ್ತಕದಲ್ಲಿ ಬರೆಯುವುದು. ಬರೆಯದೆ ಒಂದು ದಿನವೂ ಮನೆಗೆ ಹೋದವನಲ್ಲ.

ಅವನು ತಿಕ್ಕುತ್ತಿದ್ದ ಹಿತ್ತಿಲ ಹಳೇ ತೊಟ್ಟಿಗೆ ಮಣ್ಣು ತುಂಬಿ ಗಾಡಿ ನಿಲ್ಲಿಸುವ ಜಾಗ ಮಾಡಬೇಕೆಂದು ಆದೇಶ ಬಂತು. ಅದೇ ವಾರ ಅವನ ಬ್ರಷ್ಷಿನ ಹಿಡಿಯ ಮೇಲೆ ಹೆಬ್ಬೆರಳ ಉಗುರಿನಷ್ಟು ಹಸಿರು ಕಪ್ಪೆಯೊಂದು ಬಂದು ಕೂತಿತು. ಚೆಂದ ಕಂಡಿತು, ಫೋಟೋ ತೆಗೆದು ತಂಗಿಯ ಮಗಳಿಗೆ ಕಳಿಸಿದ. ಅವಳು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವಳು. ಪಾಠ ಅರ್ಧಕ್ಕೆ ಬಿಟ್ಟು ಓಡಿ ಬಂದಳು.

"ಮಾವ, ಇದು ಇಲ್ಲಿರೋಕೆ ಸಾಧ್ಯಾನೇ ಇಲ್ಲ! ಈ ಮರಗಪ್ಪೆ ಇರೋದು ಮುನ್ನೂರು ಕಿಲೋಮೀಟರ್ ಆಚೆ, ಬೆಟ್ಟದಲ್ಲಿ. ಕಂಡುಹಿಡಿದವರು ಅಂತ ನಿಮ್ಮ ಹೆಸರೇ ಬರೀತೀನಿ."

ಹೆಸರು! ಉಜ್ಜಪ್ಪನ ಎದೆ ಉಬ್ಬಿತು.

ತೊಟ್ಟಿ ಮುಚ್ಚಬೇಡಿ ಅಂತ ಇಬ್ಬರೂ ಹೋಗಿ ಕೇಳಿದರೆ ಘಟಕದ ಅಧಿಕಾರಿ ಮಾತ್ರ ಜಗ್ಗಲಿಲ್ಲ. "ಒಂದು ಕಪ್ಪೆ ಯಾವುದೋ ಗಿಡದ ಕುಂಡದ ಜೊತೆ ಬಂದಿರುತ್ತಮ್ಮ. ಇಲ್ಲೇ ಮರಿ ಮಾಡುತ್ತೆ ಅಂತ ಸಾಕ್ಷಿ ಕೊಡಿ. ಇಲ್ದಿದ್ರೆ ಸೋಮವಾರ ಮಣ್ಣಿನ ಲಾರಿ ಬರುತ್ತೆ."

ಹೊರಗೆ ಬಂದು ಅವಳು ಕೇಳಿದಳು: "ಮಾವ, ಅದು ನೀರಿನ ಮೇಲ್ಗಡೆ ಗೋಡೆಗೆ ಬಿಳಿ ನೊರೆ ಉಂಡೆ ಅಂಟಿಸಿ ಅದರೊಳಗೆ ಮೊಟ್ಟೆ ಇಡುತ್ತೆ. ಅಂಥದ್ದೇನಾದ್ರೂ ನೋಡಿದ್ದೀರಾ?"

"ಇಲ್ಲ ಪುಟ್ಟೀ," ಅಂದ.

ಹಸೀ ಸುಳ್ಳು. ಮಳೆ ಶುರುವಾದರೆ ಸಾಕು, ಪ್ರತಿ ವರ್ಷ ಆ ನೊರೆ ಗೋಡೆಯ ಮೇಲೆ ಇರುತ್ತಿತ್ತು. ಯಾವನೋ ಸೋಪು ಚೆಲ್ಲಿದ್ದಾನೆ ಅಂತ ಊರಿಗೆಲ್ಲ ಬೈಯುತ್ತ, ಬ್ಲೀಚಿಂಗ್ ಸುರಿದು ಕೆರೆದು ಹಾಕಿದ್ದು ಇವನೇ.

ಆಮೇಲಿನ ನಾಲ್ಕು ದಿನ ಅವನು ಮನುಷ್ಯನಾಗಿರಲಿಲ್ಲ. ಬ್ರಷ್ಷನ್ನು ಮೂಲೆಗೆಸೆದು ಗೋಡೆಯ ಇಂಚಿಂಚನ್ನೂ ಹುಡುಕಿದ. ಒಂದೇ ಒಂದು ನೊರೆ ಸಿಕ್ಕಿದ್ದರೆ ಬಾಯಿ ಮುಚ್ಚಿಕೊಂಡೇ ಗೆದ್ದುಬಿಡುತ್ತಿದ್ದ. ಸಿಗಲಿಲ್ಲ. ಸಂಜೆ ಗಂಡುಕಪ್ಪೆ ಟಿಕ್ ಟಿಕ್ ಅಂತ ಕೂಗುತ್ತಿತ್ತು, ಉತ್ತರ ಕೊಡುವ ಇನ್ನೊಂದು ದನಿ ಇರಲಿಲ್ಲ.

ಭಾನುವಾರ ಮುಟ್ಟದ ತಟ್ಟೆಯ ಮುಂದೆ ಕೂತು ಹೆಂಡತಿಯ ಹತ್ತಿರ ಎಲ್ಲವನ್ನೂ ಕಕ್ಕಿದ. ಅವಳು ನೇರ ಮಾತಿನವಳು. "ಬಾಯಿ ಬಿಟ್ರೆ ನಿಮ್ಮ ಮಾನ ಹೋಗುತ್ತೆ, ಬಿಡದಿದ್ರೆ ಅದರ ವಂಶ ಹೋಗುತ್ತೆ. ಯಾವುದು ದೊಡ್ಡದು ಅಂತ ನನ್ನೇನು ಕೇಳ್ತೀರಿ?"

ಸೋಮವಾರ ಲಾರಿ ಗೇಟಿನಲ್ಲಿ ಗುರುಗುಡುತ್ತಿದ್ದಾಗ ಉಜ್ಜಪ್ಪ ಕೋಣೆಯಿಂದ ಒಂದು ಚೀಲ ಎಳೆದು ತಂದು ಅಧಿಕಾರಿಯ ಕಾಲ ಬಳಿ ಸುರಿದ. ಇಪ್ಪತ್ತೆರಡು ಡ್ಯೂಟಿ ಪುಸ್ತಕಗಳು.

"ಸಾಕ್ಷಿ ಸಾರ್. ಓದು ಪುಟ್ಟೀ."

ತಂಗಿಯ ಮಗಳು ಓದಿದಳು. "ಜೂನ್ ಒಂಬತ್ತು. ಉತ್ತರದ ಗೋಡೆ, ಬಿಳಿ ನೊರೆ ಮೂರು, ಕೆರೆದು ತೆಗೆದಿದೆ. ಜೂನ್ ಹನ್ನೊಂದು. ನೊರೆ ಎರಡು, ಒಳಗೆ ಕಾಳಿನಂಥದ್ದು, ಬ್ಲೀಚಿಂಗ್ ಹಾಕಿ ತೊಳೆದಿದೆ." ಮುಂದಿನ ವರ್ಷದ್ದೂ ಹಾಗೇ, ಅದರ ಮುಂದಿನದ್ದೂ ಹಾಗೇ. ಈಚಿನ ಪುಸ್ತಕಗಳಲ್ಲಿ ನೊರೆ ಕಡಿಮೆಯಾಗುತ್ತ ಬಂದಿತ್ತು. ಅವಳು ತಲೆ ಎತ್ತಿ ಮಾವನನ್ನು ನೋಡಲಿಲ್ಲ.

ಅಧಿಕಾರಿ ತಾನೇ ನಾಲ್ಕು ಪುಸ್ತಕ ತಿರುವಿದ. "ಇಪ್ಪತ್ತೆರಡು ವರ್ಷ ಯಾವ ಕುಂಡದಲ್ಲೂ ಬರೋದಿಲ್ಲ ಬಿಡಿ," ಅಂದು ಲಾರಿಯನ್ನು ವಾಪಸ್ ಕಳಿಸಿದ.

"ಒಂದು ನೊರೇಲಿ ಎಷ್ಟಿರುತ್ತೆ?" ಉಜ್ಜಪ್ಪ ಕೇಳಿದ.

"ಬೇಡ ಮಾವ."

"ಹೇಳೇ."

"ನೂರರ ಹತ್ತಿರ."

ಅವನು ಅಲ್ಲೇ ನೆಲದ ಮೇಲೆ ಕುಸಿದು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಲೆಕ್ಕ ಹಾಕುವ ಧೈರ್ಯ ಆಗಲಿಲ್ಲ.

ತೊಟ್ಟಿ ಉಳಿಯಿತು. ಗೋಡೆಗೆ ಪಾಚಿ ಕಟ್ಟಿದೆ. ಪಂಪು ನಡೆಸುವವನು "ಏನಪ್ಪಾ, ನಿನ್ನ ಮರ್ಯಾದೆ ಹೋಯ್ತಲ್ಲೋ" ಅಂತ ಛೇಡಿಸಿದರೆ "ಹೋಗ್ಲಿ ಬಿಡೋ" ಅನ್ನುತ್ತಾನೆ. ಈಗಲೂ ಆರಕ್ಕೆ ಏಣಿ ಇಳಿಸುತ್ತಾನೆ, ಬರಿಗೈಯಲ್ಲಿ. ನಾಲ್ಕೂ ಗೋಡೆ ನೋಡಿ ಮೇಲೆ ಬಂದು ತಾರೀಕು ಹಾಕಿ ಬರೆಯುತ್ತಾನೆ: ಇವತ್ತೂ ನೊರೆ ಇಲ್ಲ.