ಲಿಮಿಟೆಡ್ ಶೆಟ್ಟೆಪ್ಪ

ಜೋಗೇಶ್ವರಿಯಲ್ಲಿ ತಗಡಿನ ಟ್ರಂಕು ಮಾಡುವವರು ಹತ್ತಾರು ಜನ ಇದ್ದರು. ಅವರಲ್ಲಿ ‘ಲಿಮಿಟೆಡ್’ ಆದವನು ಬೆಳಗಾವಿ ಕಡೆಯ ಶೆಟ್ಟೆಪ್ಪ ಒಬ್ಬನೇ. ಯಾರೂ ಅವನಿಗೆ ಒತ್ತಾಯ ಮಾಡಿರಲಿಲ್ಲ. ಬೀದಿಯಲ್ಲಿ ಹೋಗುತ್ತಿದ್ದ ಮಾರಿಯನ್ನು ತಾನೇ ಮನೆಗೆ ಕರೆತಂದ ಪುಣ್ಯಾತ್ಮ!

ಕೆಲಸಕ್ಕೆ ಮಾತ್ರ ಹೆಸರಿಡುವ ಹಾಗಿರಲಿಲ್ಲ. ಅವನು ಮಡಚಿದ ತಗಡಿನ ಅಂಚು ಕೂಸಿನ ಕೈಗೂ ತರಚುತ್ತಿರಲಿಲ್ಲ. ಬಾಡಿಗೆ ಶೆಡ್ಡು, ಎರಡು ಆಳು, ಸಂಸಾರಕ್ಕೆ ಸಾಕಾಗುವಷ್ಟು ಗಳಿಕೆ. ಇನ್‌ಕಮ್ ಟ್ಯಾಕ್ಸಿನವರ ಕಣ್ಣಿಗೆ ಬೀಳುವಷ್ಟು ದೊಡ್ಡ ಗಳಿಕೆಯೂ ಅಲ್ಲ. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡದ್ದು ಐವತ್ತೆರಡನೆಯ ಇಸವಿಯಲ್ಲಿ. ಫೋರ್ಟಿನ ಒಬ್ಬ ಆಡಿಟರ ಬಳಿ ಗುಮಾಸ್ತನಾಗಿದ್ದ ಧಾರವಾಡದ ಮುರಿಗೆಪ್ಪ ಲೋಕಲ್‌ ರೈಲಿನಲ್ಲಿ ಪಕ್ಕ ಕೂತು ತಲೆ ಕೆಡಿಸಿದ.

“ಶೆಟ್ಟೆಪ್ಪಣ್ಣಾ, ಲಿಮಿಟೆಡ್ ಕಂಪನಿ ಮಾಡ್ರಿ. ನಾಳೆ ಧಂದೆ ಮುಳುಗಿದ್ರೂ ಸಾಲ ಕೊಟ್ಟಾವ ನಿಮ್ಮ ಮನಿ ತಂಬಿಗಿ ಸೈತ ಮುಟ್ಟಂಗಿಲ್ಲ.”

ಶೆಟ್ಟೆಪ್ಪನಿಗೆ ಗೊತ್ತಿದ್ದ ಲಿಮಿಟೆಡ್ ಎಂದರೆ ಬಸ್ಸು. “ಲಿಮಿಟೆಡ್ ಬಸ್ ನಾಕ ಸ್ಟಾಪಿಗೆ ಅಷ್ಟ ನಿಂದರತೈತಿ. ಹಂಗಾದ್ರ ಖರ್ಚು, ಟ್ಯಾಕ್ಸು ಎಲ್ಲಾ ಲಿಮಿಟಿನಾಗ ಅನ್ನು!” ಎಂದ. ಮುರಿಗೆಪ್ಪ ನಕ್ಕನೇ ಹೊರತು ತಿದ್ದಲಿಲ್ಲ. ಗಿರಾಕಿ ತಂದರೆ ಅವನ ಸಾಹೇಬರಿಗೆ ಖುಷಿ.

ಸ್ಟಾಂಪು, ನೋಂದಣಿ ಫೀ, ಅಚ್ಚು ಹಾಕಿಸಿದ ನಿಯಮದ ಪುಸ್ತಕ, ಕಂಪನಿಯ ಮೊಹರು, ಬಾಗಿಲಿಗೆ ಬೋರ್ಡು. ಒಂದು ಟ್ರಂಕು ಮಾರುವ ಮೊದಲೇ ಇಷ್ಟು ಖರ್ಚು. ಕಾಯ್ದೆಗೆ ಎರಡು ಜನ ಬೇಕಂತೆ. ಹೆಂಡತಿ ರುದ್ರವ್ವನನ್ನು ಸೇರಿಸಿಕೊಂಡ. ದುಡ್ಡೂ ಅವಳದೇ. ತವರಿನವರು ಹಾಕಿದ್ದ ಐದು ತೊಲೆಯ ಬೋರಮಾಳ ಸರವನ್ನು ಅವಳು ಮಗಳು ಚನ್ನವ್ವನ ಮದುವೆಗೆಂದು ಎತ್ತಿಟ್ಟಿದ್ದಳು.

“ಎರಡ ವರ್ಷದಾಗ ಇದಕ್ಕಿಂತ ದಪ್ಪಂದು ಮಾಡಿಸಿ ಹಾಕ್ತೀನಿ. ಅರ್ಧ ಕಂಪನಿ ನಿನ್ನ ಹೆಸರಿಲೆ ಐತಿ, ಇನ್ನೇನ ಬೇಕ?” ಎಂದ ಶೆಟ್ಟೆಪ್ಪ. ರುದ್ರವ್ವ ಸರವನ್ನು ಮಾರಲು ತೆಗೆದುಕೊಟ್ಟು, ತೋರಿಸಿದಲ್ಲೆಲ್ಲ ಹೆಬ್ಬೆಟ್ಟು ಒತ್ತಿದಳು.

ಮೊದಲ ವರ್ಷದ ಟ್ಯಾಕ್ಸಿನ ಕಾಗದ ಬಂದಾಗ ಶೆಟ್ಟೆಪ್ಪ ಓಡಿಹೋಗಿ ಮುರಿಗೆಪ್ಪನ ಅಂಗಿ ಹಿಡಿದ. “ಹೋದ ವರ್ಷ ಇಷ್ಟ ಗಳಿಕೆಗೆ ಒಂದು ಪೈ ಇರಲಿಲ್ಲಲ್ಲೋ!”

“ಅವಾಗ ನೀವು ಮನಷ್ಯಾ ಇದ್ರಿ ಅಣ್ಣಾ. ಮನಷ್ಯಾಗ ಒಂದಿಷ್ಟು ಮಾಫಿ ಐತಿ. ಕಂಪನಿಗೆ ಮೊದಲ್ನೇ ರೂಪಾಯಿಂದನ ಟ್ಯಾಕ್ಸು.”

ಅಯ್ಯೋ ಶಿವನೇ! ಮೂಗಿಗಿಂತ ಮೂಗುತಿ ಭಾರವಾಯಿತು. ಆಡಿಟರ ಫೀ ಬೇರೆ, ವರ್ಷದ ಕಾಗದ ಸಲ್ಲಿಸುವ ಫೀ ಬೇರೆ, ತಡವಾದರೆ ದಿನಕ್ಕಿಷ್ಟು ದಂಡ. ಐವತ್ತಾರರಲ್ಲಿ ಹೊಸ ಕಾಯ್ದೆ ಬಂದು, ಹೆಸರಿನಲ್ಲಿ ‘ಪ್ರೈವೇಟ್’ ಎಂದು ಸೇರಿಸಿ ಎಂದಿತು. ಆ ಒಂದು ಶಬ್ದಕ್ಕಾಗಿ ಮೊಹರು, ಬೋರ್ಡು, ಕಾಗದ ಎಲ್ಲವನ್ನೂ ಮತ್ತೆ ಮಾಡಿಸಬೇಕಾಯಿತು. ಅದೇ ವರ್ಷ ಚನ್ನವ್ವನ ಮದುವೆ. ರುದ್ರವ್ವ ತಮ್ಮ ಚಾಳಿನ ನೆರೆಮನೆಯ ಅಂಬವ್ವನಿಂದ ಸರ ಕಡ ತಂದು ಮಗಳ ಕೊರಳಿಗೆ ಹಾಕಿ, ಮೂರನೇ ದಿನ ಬಿಚ್ಚಿ ವಾಪಸು ಕೊಟ್ಟಳು. ಬೀಗರು ಅದನ್ನು ಇವತ್ತಿಗೂ ಆಡಿಕೊಳ್ಳುತ್ತಾರೆ. ಮಗಳು ತವರಿಗೆ ಬರುವುದನ್ನೇ ಕಡಿಮೆ ಮಾಡಿದಳು.

ವರ್ಷಕ್ಕೊಮ್ಮೆ ಚಾಳಿನ ಖೋಲಿಯಲ್ಲಿ ಕಂಪನಿಯ ಸಭೆ. ಶೆಟ್ಟೆಪ್ಪ ಟ್ರಂಕಿನ ಮೇಲೆ ಕೂತು ಅಧ್ಯಕ್ಷನಾಗುತ್ತಿದ್ದ, ರುದ್ರವ್ವ ಬದನೆಕಾಯಿ ಹೆಚ್ಚುತ್ತಿದ್ದಳು, ಮುರಿಗೆಪ್ಪ ಬರೆದುಕೊಳ್ಳುತ್ತಿದ್ದ. “ಒಪ್ಪಿದವರು ಕೈ ಎತ್ತರಿ” ಎಂದರೆ ಅವಳು ತಲೆ ಎತ್ತದೆ ಕೈ ಎತ್ತುತ್ತಿದ್ದಳು.

ಐವತ್ತೆಂಟರ ಹೊತ್ತಿಗೆ ಆಳುಗಳ ಪಗಾರಕ್ಕೂ ತತ್ವಾರವಾಯಿತು. ಶೆಡ್ಡು ಬಿಟ್ಟು ಶೆಟ್ಟೆಪ್ಪ ಮಲಾಡಿನ ಒಬ್ಬ ಟ್ರಂಕಿನವನ ಬಳಿ ಕೂಲಿಗೆ ಸೇರಿದ. ಕೆಲಸವಿಲ್ಲದ ಕಂಪನಿಗೆ ಫೀ ತಪ್ಪಲಿಲ್ಲ. ಮುಚ್ಚಿಬಿಡುವುದೆಂದು ಸಭೆ ಕರೆದ.

“ಕಂಪನಿ ಮುಚ್ಚಾಕ ಒಪ್ಪಿದವರು ಕೈ ಎತ್ತರಿ” ಎಂದು ತಾನೇ ಮೊದಲು ಕೈ ಎತ್ತಿದ. ರುದ್ರವ್ವ ಎತ್ತಲಿಲ್ಲ.

“ಮುಚ್ಚಿದ್ರ ನನ್ನ ಸರಾ?” ಎಂದಳು.

ಮುರಿಗೆಪ್ಪ ಮೆಲ್ಲಗೆ ಹೇಳಿದ. “ಎಲ್ಲಾ ಬಾಕಿ ತೀರಿಸಿ ಉಳಿದದ್ದು ಇಬ್ಬರಿಗೂ ಬರತೈತ್ರಿ ಅಕ್ಕಾ. ಆದ್ರ ಉಳಿಯೂದು ಏನಿಲ್ಲ.”

“ಅಂದ್ರ ನನ್ನ ಸರಾ ಹೋತಂತ ನನ್ನ ಕೈಲೆನ ಹೆಬ್ಬಟ್ಟ ಒತ್ತಿಸ್ಕೋತೀರಿ?” ಈಳಿಗೆಯನ್ನು ಪಕ್ಕಕ್ಕೆ ಸರಿಸಿ ಗಂಡನ ಮುಖವನ್ನೇ ನೋಡಿದಳು. “ಆರು ವರ್ಷ ಒಪ್ಪಿದವರು ಒಪ್ಪಿದವರು ಅಂದ್ರಿ. ಒಲ್ಲೆ ಅನ್ನಾಕಿನ್ನ ಒಮ್ಮೆರ ಕೇಳೀರೇನ್ರಿ?”

ಶೆಟ್ಟೆಪ್ಪ ಆಗಲೂ ಕೇಳಲಿಲ್ಲ. ಕೇಳದಿದ್ದರೂ ಅವಳು ಕೈ ಎತ್ತಿದಳು. ಪರ ಒಂದು, ವಿರೋಧ ಒಂದು. ಠರಾವು ಬಿದ್ದುಹೋಯಿತು ಎಂದು ಮುರಿಗೆಪ್ಪ ಬರೆದ.

ಮರುವರ್ಷವೂ ಅದೇ ಆಯಿತು. ಮುಚ್ಚಲಾಗದ ಕಂಪನಿಯ ಆಡಿಟಿಗೆ, ಫೀಗೆ ಶೆಟ್ಟೆಪ್ಪ ಕೂಲಿಯ ದುಡ್ಡು ಕಟ್ಟುತ್ತ ಬಂದ. ಅದೇ ದುಡ್ಡು ಕೂಡಿಟ್ಟಿದ್ದರೆ ನಾಲ್ಕೈದು ವರ್ಷದಲ್ಲಿ ಒಂದು ಬೋರಮಾಳ ಆಗುತ್ತಿತ್ತು. ಅದು ಇಬ್ಬರಿಗೂ ಗೊತ್ತಿತ್ತು.